ಇಂಚಿನ ಗಿಡ್ಡಪ್ಪ

"ಬೋಲ್ಟಿನ ತಲೆ ಒಂದು ಸಲ ನೋಡಿದ್ರೆ ಸಾಕು, ಅಳತೆ ಹೇಳ್ತೀನಿ. ಸ್ಪಾನರ್ ಹಾಕಿ ಹಾಕಿ ನೋಡೋನು ಮೆಕ್ಯಾನಿಕ್ ಅಲ್ಲ, ದರ್ಜಿ!"

ಕೊಟ್ಟಿಗೆಹಾರದ ಗಿಡ್ಡಪ್ಪನವರು ಕೇಳಿದವರಿಗೂ ಕೇಳದವರಿಗೂ ಒಂದೇ ಔದಾರ್ಯದಿಂದ ಹಂಚುತ್ತ ಬಂದಿರುವ ಮಾತು ಇದು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇದು ಎಷ್ಟು ಸಲ ಪ್ರತಿಧ್ವನಿಸಿದೆಯೆಂದರೆ, ಅಲ್ಲಿನ ಮಂಗಗಳು ಕೂಡ ಕೆಟ್ಟು ನಿಂತ ಲಾರಿಯ ಚಕ್ರದೆದುರು ಕುಳಿತು, ತಲೆ ಓರೆ ಮಾಡಿ, ನಟ್ಟಿನ ಅಳತೆ ಅಂದಾಜು ಮಾಡುತ್ತವೆಂದು ಪ್ರತೀತಿ.

ಹೆಸರು ಗಿಡ್ಡಪ್ಪ, ಆಳೂ ಗಿಡ್ಡ. ಆದರೆ ಮೈಮೇಲಿನ ಖಾಕಿ ಕೋಟು ಮಾತ್ರ ಯಾರೋ ಆಜಾನುಬಾಹುವಿಗೆ ಹೊಲಿದದ್ದು. ಕುದುರೆಮುಖದ ಗಣಿಯಲ್ಲಿ ಮನೆಯಷ್ಟು ಎತ್ತರದ ಡಂಪರುಗಳ ಹೊಟ್ಟೆಯೊಳಗೆ ಯೌವನವನ್ನೆಲ್ಲ ಕಳೆದ ಕಾಲದ ಕೋಟು ಅದು. ಗಣಿ ನಿಂತಿತು, ಊರು ಬರಿದಾಯಿತು, ಕೋಟು ಉಳಿಯಿತು. ಅದರಲ್ಲಿ ಇಂಗಿರುವ ಗ್ರೀಸನ್ನು ಹಿಂಡಿದರೆ ಇಡೀ ತಾಲ್ಲೂಕಿನ ಎತ್ತಿನ ಗಾಡಿಗಳು ಒಂದು ತಲೆಮಾರು ಕಿರ್ರೆನ್ನದೆ ಓಡಾಡಬಹುದು. ದಶಕಗಳ ಕಾಲ ಬಲಗೈಯಲ್ಲಿ ಗಣಿಯ ಟೂಲ್ ಬಾಕ್ಸ್ ಹೊತ್ತುದರಿಂದ ದೇಹ ಬಲಕ್ಕೆ ವಾಲಿದೆ. ಪೆಟ್ಟಿಗೆ ಕೆಳಗಿಟ್ಟು ಎಷ್ಟೋ ಮಳೆಗಾಲ ಕಳೆದರೂ ಆ ಅದೃಶ್ಯ ಭಾರ ಕೈಬಿಟ್ಟಿಲ್ಲ. ನೇರ ರಸ್ತೆಯಲ್ಲಿ ಹೊರಟವರು ಬಲಗಡೆ ಸಿಗುವ ಯಾವುದಾದರೊಂದು ಹೋಟೆಲಿನೊಳಗೆ ತಾವಾಗಿ ಸೇರಿಬಿಡುತ್ತಾರೆ. ಅವರ ಕಾಫಿ ಚಟಕ್ಕೆ ಊರವರು ಕೊಡುವ ವೈಜ್ಞಾನಿಕ ಕಾರಣ ಇದೊಂದೇ.

ಇನ್ನು ಸಿಟ್ಟು. ಬೇರೆಯವರಿಗೆ ಕ್ರೋಧವೆಂಬುದು ಅರಿಷಡ್ವರ್ಗಗಳಲ್ಲಿ ಒಂದು. ಗಿಡ್ಡಪ್ಪನವರಿಗೆ ಅದು ಊಟದ ಎಲೆಯ ಮೇಲಿನ ಉಪ್ಪಿನಕಾಯಿ, ಇಲ್ಲದಿದ್ದರೆ ತುತ್ತು ಇಳಿಯದು. "ಅದಲ್ಲ ವಿಷಯ" ಎಂದು ಅವರು ಮಾತು ಶುರು ಮಾಡಿದರೆಂದರೆ ಮುಂದೆ ಬರುವುದೇ ವಿಷಯ, ಅಲ್ಲಿಯವರೆಗೆ ಉಳಿದವರು ಆಡಿದ್ದೆಲ್ಲ ಗಾಳಿ. ಎಸ್ಟೇಟಿನ ಸಾಹುಕಾರರೊಬ್ಬರು ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನಟ್ಟನ್ನು ಕಟಿಂಗ್ ಪ್ಲೇಯರಿನಿಂದ ತಿರುಚುತ್ತಿದ್ದುದು ಒಮ್ಮೆ ಇವರ ಕಣ್ಣಿಗೆ ಬಿತ್ತು. ಆ ಅಪಚಾರದ ಕುರಿತು ಅವರು ಆರಂಭಿಸಿದ ಪ್ರವಚನ ಮುಗಿಯುವ ಹೊತ್ತಿಗೆ ಗಿಡಗಳಲ್ಲಿ ಮುಂದಿನ ವರ್ಷದ ಹೂವು ಅರಳಿತ್ತಂತೆ. ಯಾವ ಬೋಲ್ಟಿಗೂ ಹೊಂದಿಕೊಳ್ಳುವ ಅಡ್ಜಸ್ಟಬಲ್ ಸ್ಪಾನರನ್ನು ಅವರು ಮುಟ್ಟುವುದಿಲ್ಲ. "ಎಲ್ಲರ ಜೊತೆಗೂ ಹೊಂದ್ಕೊಳ್ಳೋನು ಕೊನೆಗೆ ಯಾರನ್ನೂ ಗಟ್ಟಿ ಹಿಡಿಯಲ್ಲ ಮಾರಾಯ" ಎನ್ನುತ್ತಾರೆ.

ಇಂಥ ಗಿಡ್ಡಪ್ಪನವರ ಸಿಟ್ಟಿಗೆ ನಿಜವಾಗಿ ನ್ಯಾಯವಾದ ಕಾರಣವೊಂದು ಸಿಕ್ಕಿದ್ದು ಈಚೆಗೆ. ಕಾರಣ, ಮಗಳ ಮಗಳು ಸ್ವಾತಿ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಪಾಸಾದ ಹುಡುಗಿ, ಕೊಟ್ಟಿಗೆಹಾರದಲ್ಲೇ ಹಿಟಾಚಿ, ಜೆಸಿಬಿಗಳನ್ನು ಇಟ್ಟುಕೊಂಡು ಘಾಟಿಯ ಗುಡ್ಡ ಜರಿದಲ್ಲಿ ಮಣ್ಣು ಬಾಚುವ, ಎಸ್ಟೇಟುಗಳಲ್ಲಿ ಕೆರೆ ತೋಡುವ ಕಂಟ್ರಾಕ್ಟರ್ ರುದ್ರೇಶರ ಷೆಡ್ಡಿಗೆ ಕೆಲಸ ಕೇಳಲು ಹೋದಳು. ರುದ್ರೇಶರು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ ಹೇಳಿದರಂತೆ:

"ನೋಡಮ್ಮ, ನಮ್ಮ ಹುಡುಗರಿಗೆ ಷೆಡ್ಡಿನ ಸಾಮಾನು ಇದೆ. ನೀನು ನಿನ್ನ ಸ್ವಂತ ಟೂಲ್ಸ್ ತಗೊಂಡು ಸೋಮವಾರ ಬಾ, ಕೆಲಸ ತೋರ್ಸು. ಆಗಲ್ಲ ಅಂದ್ರೆ ಸ್ಟೋರಲ್ಲಿ ಫ್ಯಾನಿದೆ, ಕೂತ್ಕೊಂಡು ಸ್ಪೇರ್ ಪಾರ್ಟ್ ಲೆಕ್ಕ ಬರಿ."

ಸುದ್ದಿ ಕೇಳಿದ ಗಿಡ್ಡಪ್ಪನವರ ಮೈಯಿಂದ ಹೊರಟ ಕಾವಿಗೆ ಪಕ್ಕದ ಕಣದಲ್ಲಿ ಹರಡಿದ್ದ ಕಾಫಿ ಆ ಮಧ್ಯಾಹ್ನವೇ ಒಣಗಿತೆಂದರೆ ನಂಬುವವರು ನಂಬಲಿ. "ಅದಲ್ಲ ವಿಷಯ! ಹುಡುಗರಿಗೆ ಷೆಡ್ಡಿನ ಪೆಟ್ಟಿಗೆ, ಹುಡುಗಿಗೆ ಸ್ವಂತದ್ದು! ಇವಳೇನು ಸ್ಪಾನರ್ ತವರಿಂದ ತರ್ಬೇಕಾ? ಗಣಿಯಲ್ಲಿ ನಾನು ಸೇರ್ದಾಗ ನನ್ನ ಕೈಲಿ ಇದ್ದಿದ್ದು ಬುತ್ತಿ ಒಂದೇ. ಫ್ಯಾನಂತೆ ಫ್ಯಾನು!" ಎಂದು ಅಂಗಳ ಬಿರಿಯುವಂತೆ ಗುಡುಗಿದರು.

"ಕೂಗಿದ್ರೆ ಟೂಲ್ಸ್ ಬರಲ್ಲ ಅಜ್ಜ" ಎಂದಳು ಸ್ವಾತಿ. "ಸ್ಟೋರಲ್ಲಿ ಒಂದು ಸಲ ಕೂತ್ರೆ ಮುಗೀತು, ಆಮೇಲೆ ಯಾರೂ ನನ್ನ ಕೈಗೆ ಇಂಜಿನ್ ಕೊಡಲ್ಲ. ನಡಿ, ಮೂಡಿಗೆರೆಗೆ ಹೋಗಣ."

ಹಾಗೆ ಅಜ್ಜ ಮೊಮ್ಮಗಳು ಮೂಡಿಗೆರೆಯ ಚನ್ನಕೇಶವನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದರು. ಚನ್ನಕೇಶವ ವ್ಯಾಪಾರದಲ್ಲಿ ಚತುರ, ಗಿಡ್ಡಪ್ಪನವರ ವಿಷಯದಲ್ಲಿ ಮಾತ್ರ ಹುಂಬ; ಆದ್ದರಿಂದಲೇ ಥಳಥಳಿಸುವ ಸೂಟ್‌ಕೇಸೊಂದನ್ನು ತಂದು ಅವರೆದುರೇ ತೆರೆದ. ಒಳಗೆ ಕಪ್ಪು ಹಾಸಿಗೆಯ ಮೇಲೆ, ದೊಡ್ಡದರಿಂದ ಚಿಕ್ಕದಕ್ಕೆ, ಫೋಟೋ ತೆಗೆಸಿಕೊಳ್ಳಲು ನಿಂತ ಅವಿಭಕ್ತ ಕುಟುಂಬದಂತೆ, ನಟ್ಟಿಗೆ ತೊಡಿಸುವ ಸಾಕೆಟ್ಟುಗಳು.

"ಎಂಥ ಇದು? ಮದುವೆಗೆ ಉಡುಗೊರೆಯಾ?" ಎಂದರು ಗಿಡ್ಡಪ್ಪ.

"ಫುಲ್ ಸೆಟ್ ಗಿಡ್ಡಪ್ಪಣ್ಣ. ಇದೊಂದಿದ್ರೆ ವಿಮಾನ ಬೇಕಾದ್ರೂ ಬಿಚ್ಬೋದು."

"ವಿಮಾನ ಬಿಚ್ಚು ನೀನು. ಹಿಟಾಚಿಯ ಬೋಲ್ಟಿಗೆ ಈ ಕಡ್ಡಿ ಹಾಕಿ ಎಳೆದ್ರೆ ಬೋಲ್ಟ್ ಅಲ್ಲೇ ಇರ್ತದೆ, ಹಿಡಿ ನನ್ನ ಹಲ್ಲಿಗೆ ಬಂದು ಬಡೀತದೆ. ಅದಲ್ಲ ವಿಷಯ. ಉಕ್ಕು ಕೊಡು, ಉಕ್ಕು!"

ಅಲ್ಲಿಂದ ಮುಂದೆ ನಡೆದದ್ದು ವ್ಯಾಪಾರವಲ್ಲ, ವಧೂಪರೀಕ್ಷೆ. ಒಂದೊಂದು ಸುತ್ತಿಗೆಯ ಮರದ ಕಾವನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿದರು. ಕಬ್ಬಿಣ ಕಡಿಯುವ ಒಂದೊಂದು ಚಾಣವನ್ನೂ ಕಲ್ಲಿನ ಮೆಟ್ಟಿಲ ಮೇಲೆ ಬೀಳಿಸಿ, ಕಿವಿಗೊಟ್ಟು ಅದರ ನಾದ ಕೇಳಿದರು; ಶ್ರುತಿ ತಪ್ಪಿದ್ದನ್ನು ಕಾಲಿನಿಂದ ಬದಿಗೆ ಸರಿಸಿದರು. ಬಾಯಿ ತೆರೆದ ಸ್ಪಾನರುಗಳು ಬೇಡವೆಂದರು. ಬೋಲ್ಟಿನ ಆರೂ ಮೂಲೆಗಳನ್ನು ಸುತ್ತ ಅಪ್ಪಿ ಹಿಡಿಯುವ ರಿಂಗ್ ಸ್ಪಾನರೇ ಆಗಬೇಕು, ಯಾಕೆಂದರೆ ದೊಡ್ಡ ಯಂತ್ರ ಬಲ ಕೇಳುವುದಕ್ಕಿಂತ ಮೊದಲು ಹಿಡಿತ ಕೇಳುತ್ತದೆ. ಉದ್ದನೆಯ ಸನ್ನೆಕೋಲು, ಸ್ಪಾನರಿನ ಹಿಡಿಗೆ ತೊಡಿಸಿ ಉದ್ದ ಮಾಡಲು ಪೈಪಿನ ತುಂಡು. "ನಿನ್ನ ತೋಳು ಸಣ್ಣ ಅಂತ ಆಡ್ಕೊಳ್ತಾರಲ್ಲ, ಅವರಿಗೆ ಈ ಪೈಪೇ ಉತ್ತರ" ಎಂದು ಮೊಮ್ಮಗಳ ಕೈಗಿಟ್ಟರು. ಇಷ್ಟರವರೆಗೆ ಅವರ ಆಯ್ಕೆಯನ್ನು ವಿಶ್ವಕರ್ಮ ಬಂದಿದ್ದರೂ ಅಲ್ಲಗಳೆಯುತ್ತಿರಲಿಲ್ಲ.

ಎಡವಿದ್ದು ಆಮೇಲೆ. ಅಂಗಡಿಯ ಹಿಂಬದಿಯಲ್ಲಿ, ಗಣಿ ಮುಚ್ಚಿದ ಕಾಲದಲ್ಲಿ ಯಾರೋ ಮಾರಿಹೋದ ಹಳೆಯ ರಿಂಗ್ ಸ್ಪಾನರುಗಳ ಪೆಟ್ಟಿಗೆಯೊಂದು ಬಿದ್ದಿತ್ತು. ಗಿಡ್ಡಪ್ಪನವರು ಅದರ ಮುಂದೆ ಕುಳಿತರು. ಒಂದನ್ನೆತ್ತಿ ಕೋಟಿನ ಅಂಚಿನಿಂದ ಉಜ್ಜಿದರು, ಅಂಗೈಯಲ್ಲಿ ತೂಗಿದರು. ಕಳೆದುಹೋದ ಮಗು ಸಂತೆಯಲ್ಲಿ ಸಿಕ್ಕಿದ ಹಾಗಾಯಿತು ಮುಖ.

ಸ್ವಾತಿ ಬಗ್ಗಿ ನೋಡಿದಳು. "ಅಜ್ಜ, ಇದೆಲ್ಲ ಇಂಚಿಂದು, ನಿನ್ನ ಗಣಿ ಡಂಪರಿಗೆ ಆಗೋದು. ರುದ್ರೇಶಣ್ಣನ ಷೆಡ್ಡಲ್ಲಿರೋ ಗಾಡಿ ಎಲ್ಲಾ ಎಂಎಂ."

"ಮಿಲಿಮೀಟರ್ ಇಂಜೆಕ್ಷನ್ ಕೊಡೋರಿಗೆ ಮಾರಾಯ್ತಿ, ನಮಗಲ್ಲ. ಇಲ್ಲಿ ನೋಡು." ಚನ್ನಕೇಶವನ ಡಬ್ಬಿಯಿಂದ ಹತ್ತೊಂಬತ್ತು ಎಂಎಂ ನಟ್ಟೊಂದನ್ನು ತೆಗೆದು, ಮುಕ್ಕಾಲು ಇಂಚಿನ ಸ್ಪಾನರಿನೊಳಗೆ ಇಳಿಸಿದರು. ಕಚ್ಚಿಕೊಂಡು ಕುಳಿತಿತು. "ಕೂತ್ಕೊಂಡ್ತಾ? ಹಾಗೇ ಎಲ್ಲಾನೂ ಕೂರ್ತವೆ. ನಾನಿಲ್ವಾ, ಕೂರಿಸ್ತೀನಿ!"

ಒಂದು ಕೂತದ್ದು ನಿಜ. ಅಳತೆಗಳ ಲೋಕದಲ್ಲಿ ಮುಕ್ಕಾಲು ಇಂಚು ಮತ್ತು ಹತ್ತೊಂಬತ್ತು ಮಿಲಿಮೀಟರು ಅಕ್ಕಪಕ್ಕದ ಮನೆಯವರು. ಆದರೆ ಅವರಿಬ್ಬರ ಸ್ನೇಹ ನೋಡಿ ಊರಿಗೆ ಊರೇ ಒಗ್ಗಟ್ಟಾಗಿದೆಯೆಂದು ತಿಳಿಯುವುದು ಗಿಡ್ಡಪ್ಪನವರಂಥ ಭಾವಜೀವಿಗಳಿಗೆ ಮಾತ್ರ ಸಾಧ್ಯ. ಸ್ವಾತಿ ಮೆಲ್ಲಗೆ ಎತ್ತಿಟ್ಟುಕೊಂಡಿದ್ದ ಎಂಎಂ ಸ್ಪಾನರುಗಳನ್ನು ಅವರು ಒಂದೊಂದಾಗಿ ವಾಪಸು ಕೌಂಟರಿನ ಮೇಲಿಟ್ಟರು. ಹುಡುಗಿ ಅಜ್ಜನ ಮುಖ ನೋಡಿದಳು. ಬಹಳ ದಿನಗಳ ಮೇಲೆ ಅಲ್ಲಿ ಸಿಟ್ಟಿನ ಬದಲು ಬೇರೇನೋ ಇತ್ತು. ಇಂಚಿನ ಪೆಟ್ಟಿಗೆಯನ್ನೇ ಎತ್ತಿಕೊಂಡಳು.

ಸೋಮವಾರ ಷೆಡ್ಡಿನಲ್ಲಿ ರುದ್ರೇಶರು ಹಿಟಾಚಿಯೊಂದನ್ನು ತೋರಿಸಿ, "ಹೊಟ್ಟೆ ಕೆಳಗಿನ ತಟ್ಟೆ ಬಿಚ್ಚು, ಒಳಗಿನ ಮುಚ್ಚಳ ತೆಗೆ, ಲೀಕ್ ಎಲ್ಲಿ ಹೇಳು" ಎಂದರು. ಕರೆಯದಿದ್ದರೂ ಬಂದಿದ್ದ ಗಿಡ್ಡಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತರು. ತಟ್ಟೆಯ ಬೋಲ್ಟುಗಳು ಹತ್ತೊಂಬತ್ತು ಎಂಎಂ. ಮುಕ್ಕಾಲು ಇಂಚು ಹಾಕಿ, ಪೈಪು ತೊಡಿಸಿ, ಸ್ವಾತಿ ಒಂದೊಂದನ್ನೂ ಕಿರ್ರೆನಿಸಿ ಬಿಚ್ಚಿದಳು. ಗಿಡ್ಡಪ್ಪನವರು ಸುತ್ತ ನಿಂತ ಹುಡುಗರ ಕಡೆ ತಿರುಗಿ, ಬೋಲ್ಟಿನ ತಲೆ, ನೋಟ ಮತ್ತು ದರ್ಜಿಯ ಕುರಿತಾದ ತಮ್ಮ ಮಾತನ್ನು ಮತ್ತೊಮ್ಮೆ ಪೂರ್ತಿಯಾಗಿ ಅನುಗ್ರಹಿಸಿದರು.

ಒಳಗಿನ ಮುಚ್ಚಳದ ಬೋಲ್ಟುಗಳು ಹದಿನೇಳು ಎಂಎಂ. ಅದಕ್ಕೆ ಹತ್ತಿರದ ಇಂಚಿನ ಸ್ಪಾನರು ಹನ್ನೊಂದು ಬೈ ಹದಿನಾರು, ತುಸು ದೊಡ್ಡದು. ಸ್ವಾತಿ ಹಾಕಿ ನೋಡಿದಳು, ಅಲ್ಲಾಡಿಸಿದಳು, ತೆಗೆದಳು.

"ಅಜ್ಜ, ಇದು ಆಡ್ತದೆ."

"ಎಂಥ ಆಡೋದು? ಇತ್ತ ಕೊಡು!"

ಕೋಟು ಸಮೇತ ಯಂತ್ರದಡಿಗೆ ತೂರಿದ ಗಿಡ್ಡಪ್ಪನವರು ಸ್ಪಾನರು ಸಿಕ್ಕಿಸಿ, ಉಸಿರು ಕಟ್ಟಿ ಎಳೆದರು. ಟಕ್ಕೆಂದಿತು. ಬೋಲ್ಟು ತಿರುಗಲಿಲ್ಲ, ಸ್ಪಾನರು ಮಾತ್ರ ತಿರುಗಿತು. ಆರು ಮೂಲೆಯ ತಲೆ ಬುಗುರಿಯಂತೆ ಉರುಟಾಗಿ ಕುಳಿತಿತು. ಷೆಡ್ಡಿನಲ್ಲಿ ಎದ್ದ ನಗುವಿಗೆ ತಗಡಿನ ಮಾಡು ಒಂದು ಗೇಣು ಮೇಲೆದ್ದು ಮತ್ತೆ ಕೂತಿತೆನ್ನಬೇಕು. ಮಣ್ಣಿನ ಮೇಲೆ ಅಂಗಾತ ಮಲಗಿದ್ದ ಗಿಡ್ಡಪ್ಪನವರಿಗೆ ಸಿಟ್ಟು ಬಂತು, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ತಮ್ಮ ಹಟವೇ ಹುಡುಗಿಯನ್ನು ಆ ಫ್ಯಾನಿನ ಕೆಳಗೆ ಕೂರಿಸಿಬಿಟ್ಟಿತಲ್ಲ ಎಂಬ ಯೋಚನೆ ಚುಚ್ಚಿತು.

"ಮುಗೀತಲ್ಲ" ಎಂದರು ರುದ್ರೇಶ್. "ಏಯ್, ನಮ್ಮ ಪೆಟ್ಟಿಗೆಯಿಂದ ಒಂದು ಹದಿನೇಳು ತನ್ರೋ!"

ಹುಡುಗರು ಷೆಡ್ಡಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರು. ಸವೆದ ಹಾಕ್ಸಾ ಬ್ಲೇಡು, ಬೀಡಿಕಟ್ಟು, ಬಾಚಣಿಗೆ ಬಿದ್ದವು, ಹದಿನೇಳು ಬೀಳಲಿಲ್ಲ. ನೀನು ತಗೊಂಡಿದ್ದೆ, ಅವನು ತಗೊಂಡಿದ್ದ ಎಂದು ತಮ್ಮತಮ್ಮಲ್ಲೇ ಜಗಳ ಶುರುವಾಯಿತು.

ಅಷ್ಟರಲ್ಲಿ ಸ್ವಾತಿ ಅಜ್ಜನನ್ನು ಬದಿಗೆ ಸರಿಸಿ, ಚಾಣದ ಬಾಯನ್ನು ಉರುಟು ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಸಣ್ಣಗೆ ಬಡಿಯತೊಡಗಿದ್ದಳು. ಅವಸರವಿಲ್ಲ, ಆರ್ಭಟವಿಲ್ಲ. ಬೋಲ್ಟು ಮೊದಲು ಮುನಿಸಿಕೊಂಡಿತು, ಆಮೇಲೆ ಕೂದಲೆಳೆಯಷ್ಟು ಕದಲಿತು, ಆಮೇಲೆ ಬೆರಳಿಗೇ ಬಂತು. ಅದನ್ನು ರುದ್ರೇಶರ ಅಂಗೈಯಲ್ಲಿಟ್ಟು ಹೇಳಿದಳು:

"ಉಳಿದಿದ್ದಕ್ಕೆ ಹದಿನೇಳೇ ಬೇಕು ಅಣ್ಣ. ಇಂಚಿಂದು ಹಾಕಿ ಅವನ್ನೂ ಕೆಡಿಸಲ್ಲ ನಾನು. ತರಿಸ್ತೀರಾ, ಇಲ್ಲ ನಾನು ಸ್ಟೋರಿಗೆ ಹೋಗಿ ಹುಡುಕ್ಲಾ? ಅಲ್ಲಿ ಫ್ಯಾನೂ ಇದೆ ಅಂದ್ರಲ್ಲ."

ರುದ್ರೇಶರು ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ತರಿಸ್ತೀನಮ್ಮ. ನಾಳೆ ಬೆಳಿಗ್ಗೆ ಟೈಮಿಗೆ ಬಂದ್ಬಿಡು. ಈ ಗಾಡಿ ನಿನ್ನದೇ" ಎಂದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಸೋತವರಿಗೆ ಯಾರನ್ನಾದರೂ ಸೋಲಿಸದೆ ಊಟ ಸೇರುವುದಿಲ್ಲ. ಯಂತ್ರದಡಿಯಿಂದ ತೆವಳಿ ಹೊರಬಂದು ಕೋಟಿನ ಮಣ್ಣು ಕೊಡವಿಕೊಳ್ಳುತ್ತಿದ್ದ ಗಿಡ್ಡಪ್ಪನವರ ಕಡೆ ತಿರುಗಿ ರುದ್ರೇಶರು, "ಏನ್ ಗಿಡ್ಡಪ್ಪನೋರೆ, ನೋಡಿದ್ರೆ ಸಾಕು, ಅಳತೆ ಹೇಳ್ತೀನಿ ಅಂತಿದ್ರಿ? ಇವತ್ತು ತಪ್ಪಿಹೋಯ್ತಲ್ಲ!" ಎಂದು ನಕ್ಕರು.

ಗಿಡ್ಡಪ್ಪನವರ ಜಾತಿಯ ಮನುಷ್ಯರು ನಮ್ಮ ಬೆಟ್ಟಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದ್ದಾರೆ. ತಾವು ಕಲಿತ ಅಳತೆ ಲೋಕದ ಅಳತೆಯೆಂದು ನಂಬಿ, ಲೋಕ ಸದ್ದಿಲ್ಲದೆ ಅಳತೆ ಬದಲಿಸಿದಾಗ ಮೋಸ ಹೋದವರಂತೆ ಕೂಗಾಡುವವರು. ಅವರ ತಿಳಿವಳಿಕೆ ಹಳತಾಗಬಹುದು, ಸಿಟ್ಟು ಹಳತಾಗುವುದಿಲ್ಲ. ಅನ್ಯಾಯವನ್ನು ಅನ್ಯಾಯವೆಂದು ಮೊದಲು ಕೂಗಿ ಹೇಳುವವರು ಬಹುಮಟ್ಟಿಗೆ ಇವರೇ. ಕೈಯಲ್ಲಿ ತಪ್ಪು ಸ್ಪಾನರು ಹಿಡಿದುಕೊಂಡೇ ಸರಿಯಾದ ಜಗಳ ಆಡುವ ಈ ಮಂದಿಯನ್ನು ನಕ್ಕು ಬದಿಗೆ ಸರಿಸುವುದು ಸುಲಭ, ಆದರೆ ಅವರು ಎದ್ದು ನಿಂತು ಮೈ ಕೊಡವಿಕೊಳ್ಳುವ ಮುಂಚೆಯೇ ಅದನ್ನು ಮಾಡಿ ಮುಗಿಸಬೇಕು.

ರುದ್ರೇಶರು ಆ ಎಚ್ಚರ ವಹಿಸಲಿಲ್ಲ. ಗಿಡ್ಡಪ್ಪನವರು ಕೋಟಿನ ಕೊನೆಯ ಗುಂಡಿ ಹಾಕಿ, ತಲೆಯೆತ್ತಿ ಹೇಳಿದರು:

"ಹೌದು ಮಾರಾಯ್ರೆ, ತಪ್ಪಿತು. ನಾನು ಅಳತೆ ತಪ್ಪಿದ್ದು ಒಂದು ನೂಲಿನಷ್ಟು. ನೀವು ತಪ್ಪಿದ್ದು ಇಡೀ ಒಂದು ಆಳು!"