ಯಾರೂ ಬೇಡ ಅನ್ನಲಿಲ್ಲ

ಏಕನಾಥಮ್ಮ ಅಂದು ಸಂಜೆಯ ಅಡಿಗೆಯನ್ನೂ ಬೆಳಿಗ್ಗೆಯೇ ಮುಗಿಸಿ ಶಾಲೆಗೆ ಹೊರಟಿದ್ದರು. ಹೊಳಲ್ಕೆರೆಯ ಆ ಹೈಸ್ಕೂಲಿನಲ್ಲಿ ಅವರು ಲೆಕ್ಕ ಕಲಿಸಲು ಶುರುಮಾಡಿದ್ದು ಐವತ್ತೆಂಟನೇ ಇಸವಿಯಲ್ಲಿ, ಈಗ ಎಪ್ಪತ್ತಮೂರು. ಹೆಡ್‌ಮಾಸ್ತರ್ ಕರಿಸಿದ್ದಪ್ಪನವರಿಗೆ ಹಿರಿಯೂರಿಗೆ ವರ್ಗವಾಗಿತ್ತು. ಹೊಸಬರು ಬರುವವರೆಗೆ ಶಾಲೆಯ ಹೊಣೆ ಇದ್ದವರಲ್ಲೇ ಒಬ್ಬರು ಹೊರಬೇಕು. ಎಲ್ಲರಿಗಿಂತ ಹಿರಿಯರು ಏಕನಾಥಮ್ಮ. "ಆಗಲಿ, ನಾನು ನೋಡ್ಕಳ್ತೀನಿ" ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯೊಳಗೇ ಹೊರಳಿಸಿಕೊಂಡು ಬಂದರು.

ಸಭೆಯಲ್ಲಿ ಕರಿಸಿದ್ದಪ್ಪನವರೇ ಮಾತು ತೆಗೆದರು. "ಸೀನಿಯಾರಿಟಿ ನೋಡಿದ್ರೆ ಏಕನಾಥಮ್ಮನೋರೇ ಆಗ್ಬೇಕು. ಆದ್ರೆ..."

ಆ 'ಆದ್ರೆ' ಮುಗಿಯುವ ಮುಂಚೆಯೇ ಡ್ರಿಲ್ ಮೇಷ್ಟ್ರು ಮಾರಪ್ಪ ತಲೆ ಅಲ್ಲಾಡಿಸಿದರು. "ಚಿತ್ರದುರ್ಗದ ಆಫೀಸಿಗೆ ವಾರಕ್ಕೆರಡು ಸಲ ಓಡಾಟ ಐತೆ. ಆ ಬಸ್ಸು, ಆ ರಶ್ಶು... ಪಾಪ, ಅಮ್ಮೋರಿಗ್ಯಾಕೆ?"

ಸೀನಿಯಾರಿಟಿಯಲ್ಲಿ ಏಕನಾಥಮ್ಮನ ನಂತರದವರಾದ ಓಬಯ್ಯ ಮೇಷ್ಟ್ರು ಒಳ್ಳೆಯ ಮನುಷ್ಯ. ಅಕ್ಕಾ ಎಂದೇ ಕರೆಯುವವರು. "ನಂಗೇನೂ ಆಸೆ ಇಲ್ಲ ಅಕ್ಕಾ. ಆದ್ರೆ ಹತ್ತನೇ ಕ್ಲಾಸಿನ ಹುಡುಗ್ರು ಒಬ್ಬೊಬ್ರು ಕೋಣದಂಗವ್ರೆ. ನಿಮ್ಗೆ ತ್ರಾಸು ಅಂತ."

ಯಾರೂ ಬೇಡ ಅನ್ನಲಿಲ್ಲ. ಎಲ್ಲರ ಮುಖದಲ್ಲೂ ಅಕ್ಕರೆಯೇ. ಆ ಅಕ್ಕರೆಯನ್ನು ತಳ್ಳಿ ಎದ್ದು ನಿಂತರೆ ಗಯ್ಯಾಳಿ ಅನ್ನಿಸಿಕೊಳ್ಳಬೇಕಾಗುತ್ತದೆ ಅಂತ ಏಕನಾಥಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಬಾಯಿ ತೆರೆದರು. ಬಂದದ್ದು ನಗು. "ಓಬಯ್ಯನೋರೇ ನೋಡ್ಕಳ್ಲಿ ಬಿಡ್ರಿ. ನಂಗೂ ಮನೆ ಕೆಲ್ಸ ಐತೆ."

"ದೊಡ್ಡ ಮನಸ್ಸು" ಎಂದರು ಕರಿಸಿದ್ದಪ್ಪ. ಚಪ್ಪಾಳೆಯೂ ಆಯಿತು. ಪಕ್ಕದಲ್ಲಿ ಕೂತಿದ್ದ ಹಿಂದಿ ಟೀಚರ್ ಪುಟ್ಟಕ್ಕ ಮಾತ್ರ ಕೈ ತಟ್ಟಲಿಲ್ಲ. ಶಾಲೆಯಲ್ಲಿದ್ದ ಇನ್ನೊಬ್ಬಳೇ ಹೆಂಗಸು ಆಕೆ; ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ.

ಮುಂದಿನ ಮಾತು ಕರಿಸಿದ್ದಪ್ಪನವರ ಬೀಳ್ಕೊಡುಗೆಯದು. ಉಪ್ಪಿಟ್ಟು, ಕೇಸರಿಬಾತು ಅಂತ ತೀರ್ಮಾನವಾಯಿತು. ಯಾರು ಮಾಡಿಸುವುದು ಎಂದೊಡನೆ ಗಂಡಸರೆಲ್ಲ ಏಕನಾಥಮ್ಮನ ಕಡೆ ನೋಡಿದರು. ಏಕನಾಥಮ್ಮ ಪುಟ್ಟಕ್ಕನ ಕಡೆ ತಿರುಗಿದರು.

"ನೀನು ನೋಡ್ಕಳಮ್ಮ."

"ಮಾರಪ್ಪ ಮೇಷ್ಟ್ರು ನೋಡ್ಕಳ್ಲಿ" ಎಂದಳು ಪುಟ್ಟಕ್ಕ.

ಸಭೆ ಗೊಳ್ಳೆಂದು ನಕ್ಕಿತು. ಒಳ್ಳೆಯ ತಮಾಷೆ ಕೇಳಿದ ಹಾಗೆ ಮಾರಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಏಕನಾಥಮ್ಮನೂ ನಕ್ಕರು. ಪುಟ್ಟಕ್ಕ ನಗಲಿಲ್ಲವೆಂಬುದು ಅವರಿಗೆ ಕಂಡದ್ದು ನಕ್ಕು ಮುಗಿದ ಮೇಲೆ.

ಸಭೆ ಮುಗಿದು ಅಂಗಳಕ್ಕೆ ಬಂದಾಗ ಹಿಂದೆಯೇ ಬಂದ ಪುಟ್ಟಕ್ಕ ಕೇಳಿದಳು. "ಅವ್ರೆಲ್ಲ ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ ಅಕ್ಕಾ. ನೀವ್ಯಾಕೆ ನನ್ ಕಡೆ ತಿರುಗಿದ್ರಿ?"

"ಯಾರೋ ಒಬ್ರು ಮಾಡ್ಬೇಕಲ್ಲಮ್ಮ."

"ಒಬ್ರು ಅಂದ್ರೆ ನಾನೇ ಯಾಕೆ?"

ಏಕನಾಥಮ್ಮ ಉತ್ತರ ಹುಡುಕಿದರು. ಯೋಚಿಸಿ ತಿರುಗಿದ್ದರೆ ತಾನೇ ಉತ್ತರವಿರುವುದು? ಕುತ್ತಿಗೆ ತಾನಾಗಿ ತಿರುಗಿತ್ತು.

ಮೇಲಿನಿಂದ ಹೊಸಬರು ಬರಲೇ ಇಲ್ಲ. ಮುಂದಿನ ವರ್ಷ ಓಬಯ್ಯನವರನ್ನೇ ಖಾಯಂ ಮಾಡಿದರು. ಪುಟ್ಟಕ್ಕ ಹೊಸದುರ್ಗಕ್ಕೆ ವರ್ಗ ಕೇಳಿಕೊಂಡು ಹೋದಳು. ಆಕೆಯ ಜಾಗಕ್ಕೆ ಬಂದ ಹೊಸ ಟೀಚರಮ್ಮ ಬಹಳ ಮೆದು. ಶಾಲೆಗೆ ಯಾರೇ ದೊಡ್ಡವರು ಬಂದರೂ, ಯಾರೂ ಹೇಳುವ ಮುಂಚೆಯೇ ತಾನಾಗಿ ಎದ್ದು ಕಾಫಿ ತರಲು ಹೋಗುತ್ತಿದ್ದಳು. ಅವಳನ್ನು ತಡೆಯಬೇಕೆಂದು ಏಕನಾಥಮ್ಮನಿಗೆ ಎಷ್ಟೋ ಸಲ ಅನ್ನಿಸಿತು. ತಡೆದರೆ ಹೋಗುವವರು ಯಾರು ಎಂಬುದೂ ಗೊತ್ತಿತ್ತು. ಸುಮ್ಮನೆ ಕೂತರು.