ಬಿಳಿ ಹಾಸುಬಟ್ಟೆಯ ಮೇಲೆ ಒಂದು ಹನಿ

ನಿಮ್ಮ ವಾಹನ ನಿಂತಿದ್ದ ಜಾಗದಲ್ಲಿ ಕಪ್ಪು ಕಲೆಯೊಂದು ಮಿನುಗುವುದನ್ನು ಕಂಡೂ ಕಾಣದವರಂತೆ ಎಷ್ಟು ಸಲ ಹೊರಟುಹೋಗಿದ್ದೀರಿ, ಹೇಳಿ? ಆ ಎಣ್ಣೆಯ ಮೇಲೆ ಜಾರಿ ಬೀಳುವವರು ನೀವಲ್ಲ, ನಿಮ್ಮ ಹಿಂದೆ ಬರುವವರು. ಅದಕ್ಕೇ ಅಲ್ಲವೇ ನಿಮಗೆ ಅಷ್ಟೊಂದು ನೆಮ್ಮದಿ?

ಸೋದರಮಾವನ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಸ್ಪ್ಯಾನರ್ ಹಿಡಿದ ಈ ಕಥೆಯ ಅಕ್ಕನಿಗೆ ಈ ಬಗೆಯ ನೆಮ್ಮದಿ ಗೊತ್ತಿರಲಿಲ್ಲ. ಯಾವ ಕಾರೇ ಬರಲಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ, ಅದರಡಿ ಒಗೆದ ಬಿಳಿ ಹಾಸುಬಟ್ಟೆಯೊಂದನ್ನು ಹರಡಿ ಅರ್ಧ ಗಂಟೆ ಬಿಡುವುದು ಅವಳ ಪದ್ಧತಿ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದಳು. ಬರೀ ನೀರಿನ ಗುರುತಾದರೆ ಮಡಚಿಡುವಳು, ಎಣ್ಣೆಯಾದರೆ ಕಾರು ಅಲ್ಲಿಂದ ಕದಲುವಂತಿಲ್ಲ. "ಊರವರೆಲ್ಲ ಪೇಪರ್ ಓದ್ತಾರೆ, ನಮ್ಮ ಹುಡುಗಿ ದುಪ್ಪಟಿ ಓದ್ತಾಳೆ" ಎಂದು ಮಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಆ ಭಾನುವಾರ ಅವಳು ಬಟ್ಟೆ ಹಾಸಿದ್ದು ರೇಸ್ ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ತಮ್ಮನ ಕಾರಿನ ಕೆಳಗೆ. ಹದಿನಾಲ್ಕು ಕಾರುಗಳ ಪಂದ್ಯ. ಮೊದಲ ಮೂವರಿಗೆ ದೊಡ್ಡ ತಂಡವೊಂದರಲ್ಲಿ ಇಡೀ ವರ್ಷ ಓಡಿಸುವ ಅವಕಾಶ. ಹಿಂದಿನ ವರ್ಷ ತಮ್ಮ ಅದನ್ನು ಅರ್ಧ ಸೆಕೆಂಡಿನಲ್ಲಿ ಕಳೆದುಕೊಂಡಿದ್ದ. ಹನ್ನೊಂದು ಗಂಟೆಗೆ ಅರ್ಹತಾ ಸುತ್ತು. ಅದರಲ್ಲಿ ವೇಗ ತೋರಿಸಿದವರಿಗೆ ಮುಂದಿನ ಸಾಲು, ಭಾಗವಹಿಸದವರಿಗೆ ಕಟ್ಟಕಡೆಯ ಜಾಗ. ಎರಡು ಗಂಟೆಗೆ ಪಂದ್ಯ. ಈಗ ಹತ್ತಕ್ಕೆ ಹತ್ತು ನಿಮಿಷ.

ಬಟ್ಟೆಯ ನಡುವೆ ಒಂದೇ ಒಂದು ಕಪ್ಪು ಹನಿ ಬಿದ್ದಿತ್ತು.

"ಏನೋ ಇದು?"

"ಬೆವರು ಬಿಡಕ್ಕ. ಎರಡು ಸುತ್ತು ಓಡಿ ಬಂದಿದೆಯಲ್ಲ, ಪಾಪ."

ಅಕ್ಕ ನಗಲಿಲ್ಲ. ಟಾರ್ಚ್ ಹಿಡಿದು ಅಂಗಾತ ಕಾರಿನಡಿಗೆ ಜಾರಿದಳು. ಎಂಜಿನ್ನಿನ ಎಣ್ಣೆಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಳದಲ್ಲಿ ನೇತಾಡುವ ಬೋಗುಣಿಯಂಥ ಆಯಿಲ್ ಪ್ಯಾನ್ ಎರಕದ ಅಲ್ಯೂಮಿನಿಯಮ್ಮಿನದು. ಅದರ ಒಂದು ಮೂಲೆ ಮಾತ್ರ ಅಂಗೈಯಗಲ ಹೊಸದಾಗಿ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದಳು. ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಬಣ್ಣದ ಕೆಳಗೆ ಅಂಟು, ಅಂಟಿನ ಕೆಳಗೆ ಕೂದಲೆಳೆಯಷ್ಟು ತೆಳ್ಳನೆಯ ಬಿರುಕು.

"ಯಾವಾಗ ಒಡೆದದ್ದು?"

ತಮ್ಮ ತಲೆ ಕೆರೆದುಕೊಂಡ. "ಇಪ್ಪತ್ತು ದಿನ ಆಯ್ತು. ಎಡತಿರುವಿನ ಅಂಚುಗಲ್ಲಿಗೆ ತಾಗ್ತು. ನಿನಗೆ ಹೇಳಿದ್ರೆ ಕೀ ಕಿತ್ತುಕೊಂಡು ಕೂರಿಸ್ತೀಯ ಅಂತ..."

"ಅಂತ ಬಣ್ಣ ಬಳಿದೆ."

ಬಿರುಕನ್ನು ಮುಚ್ಚಿಟ್ಟು ಹೊಳಪನ್ನು ಮುಂದಿಡುವ ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ; ಆದರೂ ನಾವೆಲ್ಲ ಅದರಲ್ಲಿ ಪ್ರಥಮ ದರ್ಜೆಯಲ್ಲೇ ತೇರ್ಗಡೆಯಾಗಿರುತ್ತೇವೆ.

ವ್ಯಾನಿನಲ್ಲಿ ಹಳೆಯ ಉಕ್ಕಿನ ಪ್ಯಾನ್ ಇತ್ತು. ಅದನ್ನು ಕಂಡೊಡನೆ ತಮ್ಮನ ಮುಖ ಹುಳ್ಳಗಾಯಿತು. "ಅದು ಎರಡು ಕಿಲೋ ಜಾಸ್ತಿ ಭಾರ. ಅಲ್ಯೂಮಿನಿಯಂ ಹಗುರ, ಎಣ್ಣೆ ಬೇಗ ತಣ್ಣಗಾಗುತ್ತೆ. ನೀನೇ ಹೇಳಿಕೊಟ್ಟಿದ್ದು."

"ಪೆಟ್ಟು ಬಿದ್ರೆ ಅಲ್ಯೂಮಿನಿಯಂ ಒಡೆಯುತ್ತೆ, ಉಕ್ಕು ಬರೀ ತಗ್ಗಾಗುತ್ತೆ ಅಂತಾನೂ ಹೇಳಿಕೊಟ್ಟಿದ್ದೆ. ಆ ಪಾಠದ ದಿನ ರಜಾ ಹಾಕಿದ್ಯಾ?"

ಮಾವ ಗಡಿಯಾರ ನೋಡಿದ. "ಪ್ಯಾನ್ ಕೂರಿಸೋ ಅಂಟು ಗಟ್ಟಿಯಾಗೋಕೇ ಒಂದು ಗಂಟೆ ಬೇಕಮ್ಮ. ಹನ್ನೊಂದರ ಸುತ್ತು ಕೈತಪ್ಪಿದ ಹಾಗೇ. ಹದಿನಾಲ್ಕನೇ ಜಾಗದಿಂದ ಮೂರಕ್ಕೆ ಬರೋದು ಅಂದ್ರೆ..."

"ಗೊತ್ತು ಮಾವ."

ಪ್ರತಿ ಕಾರಿನ ಮೆಕ್ಯಾನಿಕ್ ಸುರಕ್ಷತೆಯ ಹಾಳೆಗೆ ಸಹಿ ಹಾಕಿದರೆ ಮಾತ್ರ ಅದು ಅರ್ಹತಾ ಸುತ್ತಿಗೂ ಪಂದ್ಯಕ್ಕೂ ಇಳಿಯುತ್ತಿತ್ತು. ಅಕ್ಕ ಆ ಹಾಳೆಯನ್ನು ಬಾನೆಟ್ ಮೇಲಿಟ್ಟು ಪೆನ್ನಿನ ಮುಚ್ಚಳ ಹಾಕಿದಳು. "ಈ ಬಣ್ಣಕ್ಕೆ ನನ್ನ ಸಹಿ ಬೀಳಲ್ಲ. ನೀನು ಮುಂದಿದ್ರೆ ನಿನ್ನ ಹಿಂದೆ ಹದಿಮೂರು ಜನ ಬರ್ತಾರೆ. ಅವರಿಗೂ ಮನೇಲಿ ಅಕ್ಕಂದಿರಿದ್ದಾರೆ."

"ನೀನು ನನ್ನ ಅಕ್ಕನೋ, ಪೊಲೀಸೋ?"

"ಅದನ್ನ ಸಂಜೆ ತೀರ್ಮಾನ ಮಾಡೋಣ. ಈಗ ಜಾಕ್ ತಾ."

ತಮ್ಮ ಟ್ರ್ಯಾಕಿನ ಕಡೆ ಒಮ್ಮೆ ನೋಡಿದ. ಅಲ್ಲಿ ಉಳಿದವರ ಎಂಜಿನ್ನುಗಳು ಆಗಲೇ ಗುಡುಗುತ್ತಿದ್ದವು. ಅವನ ಕೈ ಹೆಲ್ಮೆಟ್ಟಿನ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ ಕೈಗವಸು ಕಳಚಿ ಎಸೆದು ಜಾಕ್ ತಂದ.

ಆಮೇಲಿನ ಗಡಿಬಿಡಿಯನ್ನು ಏನೆಂದು ಹೇಳಲಿ! ಮೂವರೂ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಿದರು. ಇಪ್ಪತ್ತೆರಡು ಬೋಲ್ಟುಗಳನ್ನು ಬಿಚ್ಚಿದ್ದಾಯಿತು, ಅಂಚು ಒರೆಸಿದ್ದಾಯಿತು, ಅಂಟಿನ ಗೆರೆ ಎಳೆದು ಉಕ್ಕಿನ ಪ್ಯಾನ್ ಎತ್ತಿ ಕೂರಿಸಿದ್ದಾಯಿತು. ಒಮ್ಮೆ ಬಾಯಿಬಿಟ್ಟ ಮೇಲೆ ತಮ್ಮನಿಗೆ ಇನ್ನೊಂದನ್ನು ಒಳಗಿಟ್ಟುಕೊಳ್ಳಲಾಗಲಿಲ್ಲ. "ಅಕ್ಕ, ಮೂರನೇ ಗೇರ್ ಕೂಡ ಸರಿಯಾಗಿ ಬೀಳ್ತಿಲ್ಲ. ಕಿರ್ರ್ ಅನ್ನುತ್ತೆ."

ಹೇಗೂ ಅಂಟು ಒಣಗಬೇಕಿತ್ತು. ಅಕ್ಕ ಗೇರ್‌ಬಾಕ್ಸಿನ ತಳದ ತಿರುಪು ಬಿಚ್ಚಿದಳು. ಗಂಧಕದ ಘಾಟು ಮೂಗಿಗೆ ರಪ್ಪೆಂದು ಬಡಿಯಿತು. ಇಳಿದ ಎಣ್ಣೆಯಲ್ಲಿ ಚಿನ್ನದ ಪುಡಿಯಂಥದ್ದೇನೋ ಮಿಂಚುತ್ತಿತ್ತು.

"ಯಾವ ಎಣ್ಣೆ ಹಾಕ್ದೆ?"

"ನಿನಗಿಂತ ಒಳ್ಳೇದೇ. ನೀನು ನಾಲ್ಕನೇ ದರ್ಜೇದು ಹಾಕ್ತಿದ್ದೆ, ನಾನು ಐದನೇದು ತಂದೆ."

ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತ ಟೈರಿನ ಮೇಲೆ ಕುಳಿತುಬಿಟ್ಟ. "ಏನು ಮರಿ, ಎಣ್ಣೆ ಪಾಸಾಗಿ ಮುಂದಿನ ಕ್ಲಾಸಿಗೆ ಹೋಗಿದೆ ಅಂದ್ಕೊಂಡ್ಯಾ?"

ತಪ್ಪು ಹುಡುಗನೊಬ್ಬನದೇ ಅಲ್ಲ. ಅಂಕ ಹೆಚ್ಚಿದ್ದುದೆಲ್ಲ ಉತ್ತಮವೆಂದು ಕಲಿಸಿದವರು ನಾವು. ಡಬ್ಬಿಯ ಮೇಲಿನ ಆ ಅಂಕಿ ಯೋಗ್ಯತೆಯದಲ್ಲ, ಕೆಲಸದ್ದು. ಗೇರ್ ಬದಲಿಸುವಾಗ ಎರಡು ಹಲ್ಲುಚಕ್ರಗಳ ವೇಗವನ್ನು ಒಂದಾಗಿಸುವ ಹಿತ್ತಾಳೆಯ ಉಂಗುರಗಳು ಈ ಕಾರಿನಲ್ಲಿದ್ದವು. ಐದನೆಯ ದರ್ಜೆಯ ಎಣ್ಣೆಯಲ್ಲಿದ್ದ ಗಂಧಕ ಅವನ್ನು ದಿನದಿನವೂ ತಿನ್ನುತ್ತಿತ್ತು. ಪುಣ್ಯಕ್ಕೆ ಅವು ಇನ್ನೂ ಪೂರ್ತಿ ಸವೆದಿರಲಿಲ್ಲ. ಅಕ್ಕ ಆ ಎಣ್ಣೆಯನ್ನೆಲ್ಲ ಇಳಿಸಿ ನಾಲ್ಕನೆಯ ದರ್ಜೆಯದನ್ನು ತುಂಬಿದಳು. ಅಂಟು ಗಟ್ಟಿಯಾದ ಮೇಲೆ ಎಂಜಿನ್ನಿಗೂ ಎಣ್ಣೆ ಹೊಯ್ದು, ಓಡಿಸಿ, ಮತ್ತೊಮ್ಮೆ ಬಟ್ಟೆ ಹಾಸಿದಳು. ಅದು ಹಾಸಿದಂತೆಯೇ ಬೆಳ್ಳಗೆ ಉಳಿಯಿತು. ಒಂದೂಮುಕ್ಕಾಲಿಗೆ ಸಹಿ ಹಾಕಿದಳು.

ಹದಿನಾಲ್ಕನೆಯವನಾಗಿ ಹೊರಟ ತಮ್ಮ ಎರಡನೆಯ ಸುತ್ತಿಗೆ ಹನ್ನೊಂದನೆಯವನಾಗಿದ್ದ. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಡೆಗೋಡೆಯ ಬಳಿ ನಿಂತಳು. ಮೂರನೆಯ ಗೇರ್ ಬೀಳುವ ಸದ್ದನ್ನು ಅವಳು ಎಣಿಸುತ್ತಿದ್ದಳು. ಪ್ರತಿ ಸಲವೂ ಅದು ಬೆಣ್ಣೆಗೆ ಚಾಕು ಇಳಿದಂತೆ ಕೂರುತ್ತಿತ್ತು. ಒಂಬತ್ತನೆಯವನಾದ, ಏಳನೆಯವನಾದ. ಮಾವ ಅವಳ ತೋಳು ಹಿಡಿದು ಕುಣಿಯುತ್ತಿದ್ದ. ಹತ್ತನೆಯ ಸುತ್ತಿನಲ್ಲಿ, ಇಬ್ಬರನ್ನು ಒಟ್ಟಿಗೆ ದಾಟಿ ಐದನೆಯವನಾದ ಆತುರದಲ್ಲಿ, ಕಾರು ಅದೇ ಎಡತಿರುವಿನ ಅದೇ ಅಂಚುಗಲ್ಲನ್ನು ಹತ್ತಿತು.

ಧಡ್ ಎಂಬ ಸದ್ದು ಗೋಡೆಯವರೆಗೆ ಕೇಳಿಸಿತು.

ಅಕ್ಕ ಕಾರನ್ನು ನೋಡಲಿಲ್ಲ. ಕಾರಿನ ಹಿಂದಿನ ರಸ್ತೆಯನ್ನು ನೋಡಿದಳು. ಅದೇ ತಿರುವಿಗೆ ಹಿಂದಿನ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನುಗ್ಗಿದವು. ಒಂದು, ಎರಡು, ಐದು, ಒಂಬತ್ತು. ಒಬ್ಬನೂ ಜಾರಲಿಲ್ಲ.

ಅವನು ಮೂರನೆಯವನಾದನೆಂದು ಬರೆದರೆ ಓದುವವರಿಗೆ ಹಿತ. ಆದರೆ ಅವನು ನಾಲ್ಕನೆಯವನಾದ. ಅವಕಾಶ ಒಂದು ಕಾರಿನುದ್ದದಷ್ಟು ದೂರದಲ್ಲಿ ತಪ್ಪಿತು.

ತಮ್ಮ ಕಾರಿನಿಂದಿಳಿದವನೇ ಫಲಿತಾಂಶದ ಫಲಕದತ್ತ ಕಣ್ಣೆತ್ತದೆ ಅಕ್ಕನ ಕೈಯಿಂದ ಹಾಸುಬಟ್ಟೆ ಕಿತ್ತುಕೊಂಡ. ತಾನೇ ಮೊದಲ ಸಲ ಅದನ್ನು ಕಾರಿನಡಿ ಹರಡಿದ. ಅರ್ಧ ಗಂಟೆ ಪಕ್ಕದಲ್ಲೇ ನೆಲಕ್ಕೆ ಕೆನ್ನೆಯೊತ್ತಿ ಮಲಗಿದ. ಉಕ್ಕಿನ ತಳದಲ್ಲಿ ಸೌಟಿನಂಥ ತಗ್ಗು ಬಿದ್ದಿತ್ತು, ಅಷ್ಟೇ.

"ಅಕ್ಕ, ಬಾ ಓದು."

"ನೀನೇ ಓದು."

"ಏನೂ ಬರೆದಿಲ್ಲ" ಎಂದವನು ಒಮ್ಮೆಲೇ ಎದ್ದು ಕುಳಿತ. ಮುಖದ ತುಂಬ ನಗು. "ಕೊನೇ ಸಾಲಿಂದ ಹತ್ತು ಜನರನ್ನ ದಾಟಿದೀನಿ ಕಣೇ. ಮುಂದಿನ ವರ್ಷ ಮುಂದಿನ ಸಾಲಲ್ಲಿ ನಿಲ್ತೀನಿ, ಇದೇ ತಗ್ಗು ಬಿದ್ದ ಪ್ಯಾನ್ ಹಾಕ್ಕೊಂಡು. ಬಣ್ಣ ಮಾತ್ರ ಬಳಿಯಬೇಡಿ ಯಾರೂ."

ಓದಿ ಮುಗಿಸಿದವರೇ, ನಿಮ್ಮ ಮನೆಯಲ್ಲೂ ಹಳೆಯ ಬಿಳಿ ಬಟ್ಟೆಯೊಂದು ಇದ್ದೇ ಇರುತ್ತದೆ. ಇಂದು ವಾಹನ ನಿಲ್ಲಿಸಿದೊಡನೆ ಅದನ್ನು ಅಡಿಯಲ್ಲಿ ಹಾಸಿ, ಅರ್ಧ ಗಂಟೆ ಕಳೆದ ಮೇಲೆ ದಯವಿಟ್ಟು ಮೊಣಕಾಲೂರಿ ನೋಡಿ. ಒಂದೇ ಒಂದು ಎಣ್ಣೆಹನಿ ಕಂಡರೂ, ರಿಪೇರಿಯಾಗುವವರೆಗೆ ವಾಹನವನ್ನು ರಸ್ತೆಗಿಳಿಸಬೇಡಿ.