ಮಂಜುಬಾಗಿಲಿನ ಕಾವಲು

ಯುದ್ಧ ಮುಗಿದ ದಿನ ಜುಮಾನಾಳಿಗೆ ಹೆದರಿಕೆಯಾಯಿತು. ನಿಜದ ಯುದ್ಧವಲ್ಲ, ಗಂಡ ಹೆಂಡತಿ ಇಬ್ಬರೂ ಮೊಬೈಲಿನಲ್ಲಿ ದಿನಕ್ಕೊಂದು ಕಂತು ಕೇಳುತ್ತಿದ್ದ ಧಾರಾವಾಹಿಯದ್ದು. ಆನೆಗಾತ್ರದ ಉಡಗಳ ಮೇಲೆ ಕೂತು ಬರುವ ಹಿಮದವರು, ಅವರನ್ನು ತಡೆಯಲು ಮಂಜುಬಾಗಿಲೆಂಬ ಕಣಿವೆಯಲ್ಲಿ ಹನ್ನೆರಡು ವರ್ಷ ಕಾವಲು ನಿಂತ ಸೇನಾಪತಿ ನೀಲಾಂಗ, ದೂರದ ರಾಜಧಾನಿಯಲ್ಲಿ ಒಬ್ಬಳೇ ರಾಣಿ. ಮುನ್ನೂರ ಹತ್ತನೇ ಕಂತಿನಲ್ಲಿ ಹಿಮದವರು ಬೇರೆ ದಾರಿಯಿಂದ ಬಂದು ರಾಜಧಾನಿ ಸುಟ್ಟರು, ಕಥೆ ಮುಗಿಯಿತು. ಇನ್ನು ಗಂಡನ ಹತ್ತಿರ ಮಾತಾಡಲು ಏನುಳಿಯಿತು ಎಂಬುದೇ ಅವಳ ಹೆದರಿಕೆ.

ಗಂಡ ನಿಝಾಮ್ ಶಾರ್ಜಾದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಏಳು ವರ್ಷ. ರಜೆಗಳನ್ನೆಲ್ಲ ಕೂಡಿಸಿದರೆ ಒಟ್ಟಿಗಿದ್ದದ್ದು ಎಂಟು ತಿಂಗಳು. ಅದರಲ್ಲೂ ಅರ್ಧ ನೆಂಟರ ಮನೆಯ ಬಿರಿಯಾನಿಗೇ ಹೋಯಿತು. ಜುಮಾನಾ ಇದ್ದದ್ದು ಗುಂಡ್ಯದಲ್ಲಿ, ಹೆದ್ದಾರಿ ಬದಿಯ ತಾಯಿ ಮನೆಯಲ್ಲಿ. ಅವರ ಮನೆತನದ ಹಳೆಯ ಕ್ರಮವೇ ಹಾಗೆ: ಮದುವೆಯಾದರೂ ಹೆಣ್ಣು ತನ್ನ ಮನೆಯಲ್ಲೇ, ಗಂಡ ಅಲ್ಲಿಗೆ ಬಂದು ಹೋಗುವವ. ಅಲ್ಲಿ ಅಳಿಯನಿಗೆ ಸಿಗುವ ಮರ್ಯಾದೆ ನವಾಬನಿಗೂ ಸಿಗಲಿಕ್ಕಿಲ್ಲ. ಆದರೆ ಆ ಮರ್ಯಾದೆ ಬಂದು ಹೋಗುವವನಿಗೆ. ಬಂದು ಕೂತವನಿಗೆ ಎರಡೇ ತಿಂಗಳಲ್ಲಿ ಚಹಾದ ಗ್ಲಾಸು ಬದಲಾಗುತ್ತದೆ.

ಈ ಸಲ ಒಪ್ಪಂದ ಮುಗಿದ ಮೇಲೆ ಅವನು ತಿರುಗಿ ಹೋಗಬಾರದೆಂದು ಜುಮಾನಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು. ಕಡಬದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯೊಂದನ್ನು ಯಾರಿಗೂ ಹೇಳದೆ ನೋಡಿಯೂ ಬಂದಿದ್ದಳು. ಎದುರಿನ ಕೋಣೆಯಲ್ಲಿ ತನ್ನ ಹೊಲಿಗೆ ಮೆಷಿನ್, ಬದಿಯಲ್ಲಿ ಅವನಿಗೊಂದು ಸಣ್ಣ ಅಂಗಡಿ. ಆದರೆ ಹೆಂಡತಿಯೇ ಗಂಡನಿಗೆ ಕೆಲಸ ಬಿಟ್ಟು ಬನ್ನಿ ಎನ್ನುವುದು ಹೇಗೆ? ಫೋನಿನ ಹೊತ್ತಿಗೆ ಪಕ್ಕದಲ್ಲೇ ತಾಯಿ, ಅವಳ ಉಮ್ಮ ಸಫಿಯಮ್ಮ ಕೂತಿರುತ್ತಿದ್ದರು. ಬೆಳ್ಳುಳ್ಳಿ ಸುಲಿಯುವುದು ಕೈ ಮಾತ್ರ, ಕಿವಿಗೆ ಬೇರೆ ಕೆಲಸ.

ಧಾರಾವಾಹಿ ಶುರುವಾಗುವ ಮೊದಲು ಅವರ ಮಾತು ಮೂರು ನಿಮಿಷಕ್ಕೆ ಬತ್ತುತ್ತಿತ್ತು. ಆಮೇಲೆ ಅವನ ಊಟದ ಬಿಡುವಿನ, ಅಂದರೆ ಇಲ್ಲಿಯ ಮಧ್ಯಾಹ್ನ ಮೂರು ಗಂಟೆಯ, ಮುಕ್ಕಾಲು ತಾಸು ತುಂಬಿಹೋಗುತ್ತಿತ್ತು. ಅದನ್ನು ಕಳಕೊಳ್ಳಲು ಅವಳು ತಯಾರಿರಲಿಲ್ಲ. ಕಥೆ ಮುಗಿದ ಮರುದಿನವೇ, ಬರೆದವನಿಗೆ ಯುದ್ಧ ಗೊತ್ತಿಲ್ಲ, ರಾಣಿ ಸೋಲಬೇಕಾಗಿರಲಿಲ್ಲ ಎಂದು ಹೊಸದಾಗಿ ಜಗಳ ತೆಗೆದಳು. ಬ್ಲೌಸಿನ ಅಳತೆ ಕಾಗದದಲ್ಲಿ ಕಣಿವೆಗಳ ನಕ್ಷೆ ಬರೆದಳು. ಇದೆಂಥ ರವಿಕೆ, ತೋಳು ಏಳು ಉಂಟಲ್ಲ ಎಂದು ಉಮ್ಮ ಕೇಳಿದರು. ಗೋದಾಮಿನವನಾದ ನಿಝಾಮ್ ಸೈನ್ಯಕ್ಕೆ ಅಕ್ಕಿ ಎಷ್ಟು ದಿನಕ್ಕೆ ಸಾಕೆಂಬಲ್ಲಿಂದಲೇ ಶುರುಮಾಡುತ್ತಿದ್ದ. ಇಬ್ಬರೂ ಹೌದು ಎಂದರೆ ಮಾತು ಅಲ್ಲಿಗೆ ಮುಗಿಯಿತು. ಹಾಗಾಗಿ ಅವನು ಏರು ಎಂದರೆ ಅವಳು ನೀರು ಎನ್ನುತ್ತಿದ್ದಳು.

ಒಂದು ದಿನ ಅವನು, ನೀಲಾಂಗ ಮಂಜುಬಾಗಿಲು ಬಿಟ್ಟು ರಾಜಧಾನಿಗೆ ಬಂದುಬಿಟ್ಟರೆ ಹೇಗೆ ಎಂದ. ಹನ್ನೆರಡು ವರ್ಷದಲ್ಲಿ ಆ ದಾರಿಯಲ್ಲಿ ಒಂದು ಉಡವೂ ಬರಲಿಲ್ಲ, ಕಾದು ಕಾದು ಸೈನಿಕರ ಗಡ್ಡ ನೆರೆಯಿತು, ಅತ್ತ ರಾಣಿ ಒಬ್ಬಳೇ. ಜುಮಾನಾಳಿಗೂ ಅದೇ ಸರಿ ಕಂಡಿತು. ಆದರೆ ಸರಿ ಎಂದುಬಿಟ್ಟರೆ ಮಾತು ಮುಗಿಯಿತು, ಬಿಡುವು ಇನ್ನೂ ನಲವತ್ತು ನಿಮಿಷ ಬಾಕಿ. ಅವಳು ರಾಣಿಯ ಪರವಾಗಿ ಬೇಡ ಎಂದು ಎದ್ದು ನಿಂತಳು. ಗುಂಡ್ಯದಲ್ಲಿ ಹುಟ್ಟಿದವಳಿಗೆ ಘಾಟಿಯ ಯುದ್ಧ ಹೇಳಿಕೊಡಬೇಕೆ? ಶಿರಾಡಿಯಲ್ಲಿ ಒಂದು ಮರ ಬಿದ್ದು ಎರಡು ಲಾರಿ ಅಡ್ಡ ನಿಂತರೆ ಇಡೀ ಬೆಂಗಳೂರು ಮೇಲೆಯೇ ಬಾಕಿ. ಹಾಗೆ ಇನ್ನೂರು ಜನ ಸಾಕು ಆ ಬಾಗಿಲಿಗೆ, ಆದರೆ ಆ ಇನ್ನೂರು ಜನ ಅಲ್ಲೇ ಇರಬೇಕು. ಶತ್ರು ಬಾರದ್ದು ಕಾವಲು ಇದ್ದದ್ದಕ್ಕೇ. ಮನೆ ನೆನಪಾಯಿತೆಂದು ಬಾಗಿಲು ಬಿಟ್ಟು ಬರುವವನು ಎಂಥ ಸೇನಾಪತಿ? ಮೂರು ದಿನ ಅವನು ಬಿಡಲಿಲ್ಲ, ಮೂರು ದಿನ ಅವಳೂ ಬಿಡಲಿಲ್ಲ. ನಾಲ್ಕನೇ ದಿನ ಅವನು, ಆಯ್ತು ರಾಣಿ, ನೀನೇ ಗೆದ್ದೆ ಎಂದ. ಆ ಸಂತೋಷಕ್ಕೆ ಅವಳು ಸಂಜೆ ಬಾಳೆಹಣ್ಣಿನ ಉನ್ನಕ್ಕಾಯಿ ಕರಿದಳು.

ಮತ್ತೆ ಮೂರು ವಾರ ಹೊಳೆಯ ಯುದ್ಧ, ಸೇತುವೆಯ ಯುದ್ಧ ನಡೆದವು. ಒಪ್ಪಂದದ ಕೊನೆಯ ತಿಂಗಳು ಬಂತು. ಕಡಬದ ಮನೆಯವರು ಎರಡು ಸಲ ಫೋನ್ ಮಾಡಿದರು. ಜುಮಾನಾ ಧೈರ್ಯ ಮಾಡಿ, ಉಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, ಮುಂದೆ ಹೇಗೆ ಮಾಡುದು ಎಂದು ಕೇಳಿದಳು.

"ಸಹಿ ಹಾಕಿದೆ," ಎಂದ ನಿಝಾಮ್. "ಇನ್ನು ಎರಡು ವರ್ಷ."

"ನನ್ನ ಹತ್ತಿರ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದೆನಲ್ಲ. ಮೂರು ದಿನ ಕೇಳಿದೆ. ಬಾಗಿಲು ಬಿಟ್ಟು ಬರ್ಬಾರದು ಅಂತ ನೀನೇ ಹೇಳಿದ್ದು."

ಅವನು ನಿಧಾನಕ್ಕೆ ಹೇಳಿದ: ನಿನ್ನ ಉಮ್ಮನ ಮನೆಗೆ ಬಂದು ಕೂತುಕೊಳ್ಳಲಾ ಎಂದು ಒಬ್ಬ ಗಂಡಸು ಬಾಯಿಬಿಟ್ಟು ಕೇಳುವುದು ಹೇಗೆ, ಅದಕ್ಕೇ ನೀಲಾಂಗನ ಲೆಕ್ಕದಲ್ಲಿ ಕೇಳಿದೆ. ನೀನು ಅಷ್ಟು ಗಟ್ಟಿಯಾಗಿ ಬೇಡ ಎಂದ ಮೇಲೆ ನಾನು ಯಾಕೆ ಬರುದು ಅಂತ ಆಯ್ತು.

"ನಾನು ಹಾಗೆ ಹೇಳಿದ್ದು ನೀವು ಫೋನ್ ಇಡ್ಬಾರದು ಅಂತ," ಎಂದಳು ಜುಮಾನಾ. "ಬೇರೆ ಎಂತದಕ್ಕೂ ಅಲ್ಲ."

ಆಚೆ ಕಡೆ ಯಾರೋ ಅವನನ್ನು ಹಿಂದಿಯಲ್ಲಿ ಕರೆದರು. ಕರೀತಾ ಇದ್ದಾರೆ, ನಾಳೆ ಮಾಡ್ತೇನೆ ಎಂದು ಹೇಳಿ ಇಟ್ಟುಬಿಟ್ಟ. ಇನ್ನೂ ಅರ್ಧ ಗಂಟೆ ಬಿಡುವು ಇತ್ತೆಂದು ಅವಳಿಗೆ ಗೊತ್ತಿತ್ತು.

ಸಫಿಯಮ್ಮ ತಲೆ ಒರೆಸಿಕೊಳ್ಳುತ್ತಾ ಬಂದು, ಅಳಿಯ ಎಂತ ಹೇಳಿದ್ರು ಎಂದರು. ಎರಡು ವರ್ಷ ಮುಂದುವರಿಸಿದ್ದಾರಂತೆ ಎಂದಳು.

"ಒಳ್ಳೆದಾಯ್ತು," ಎಂದರು ಸಫಿಯಮ್ಮ. "ಇಲ್ಲಿ ಬಂದು ಎಂತ ಮಾಡ್ಲಿಕ್ಕುಂಟು?"

ಜುಮಾನಾ ಹೌದು ಎಂದಳು. ಮಾತು ಅಲ್ಲಿಗೆ ಮುಗಿಯಿತು.